ಅಳತೆಯಿಂದ ತೂಕ: ಒಂದು ಪಟ್ಟಿಯ ವಿಮರ್ಶೆ

ಕನ್ನಡದಲ್ಲಿ ‘ಅಳೆದು ತೂಗಿ’ ಎಂಬ ಜೋಡುನುಡಿ ಬಳಕೆಯಲ್ಲಿರುವುದಷ್ಟೆ. ಅಳೆಯುವುದು ಬೇರೆ, ತೂಗುವುದು ಬೇರೆ ಎಂಬ ತಿಳಿವಳಿಕೆ ಆ ಮಾತಿನಲ್ಲಿಯೇ ಅಡಗಿದೆ. ಒಂದೇ ಕೊಳಗದ ತುಂಬ ಒಮ್ಮೆ ರಾಗಿಯನ್ನೂ ಒಮ್ಮೆ ಭತ್ತವನ್ನೂ ಹೊಯ್ದರೆ ತೂಕ ಒಂದೇ ಆಗದೆಂಬುದನ್ನು ಕೋಲಾರದ ಸೀಮೆಯ ಬೇಸಾಯಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಪತ್ಕಾಲದ ಚಿಕಿತ್ಸೆಯಲ್ಲಿಯಾದರೋ ಅಳತೆಯಿಂದಲೇ ತೂಕವನ್ನು ತಿಳಿಯಬೇಕಾದ ಪ್ರಸಂಗ ಒದಗುತ್ತದೆ. ಪ್ರಜ್ಞೆ ತಪ್ಪಿದ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸುವಂತಿಲ್ಲ. ಔಷಧದ ಪ್ರಮಾಣವೋ ಕಿಲೋಗ್ರಾಮಿನ ಲೆಕ್ಕವನ್ನೇ ಅವಲಂಬಿಸಿದೆ. ಈ ತೊಡಕಿಗೆ ಅಮೆರಿಕದ ವೈದ್ಯ ಜೇಮ್ಸ್ ಬ್ರಾಸ್ಲೋ ಕಂಡುಕೊಂಡ ಪರಿಹಾರವೇ ಬಣ್ಣದ ಪಟ್ಟಿ. ಅದರ ಪರೀಕ್ಷೆಯ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಮಗುವಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಪಟ್ಟಿಯನ್ನು ಹಾಸಿದರೆ, ಹಿಮ್ಮಡಿ ಮುಟ್ಟಿದ ಬಣ್ಣದ ಭಾಗದಲ್ಲಿ ತೂಕವೂ ಔಷಧಗಳ ಪ್ರಮಾಣವೂ ಉಸಿರಾಟದ ಕೊಳವೆಯ ಗಾತ್ರವೂ ಅಚ್ಚಾಗಿರುತ್ತವೆ. ಗಾಬರಿಯಲ್ಲಿರುವ ಮನಸ್ಸಿನಿಂದ ಗಣಿತದ ಹೊರೆಯನ್ನು ಇಳಿಸಿದ ಈ ರಚನೆಯ ಜಾಣ್ಮೆಯನ್ನು ಮೆಚ್ಚದಿರಲಾಗದು.

ಆದರೆ ಅದರ ಅಂಕಿಗಳು ಅಮೆರಿಕದ ಮಕ್ಕಳ ಮೈಕಟ್ಟಿನಿಂದ ಬಂದವು. ಭಾರತದ ಮಕ್ಕಳ ಮೇಲೆ ಅದನ್ನು ಒರೆಗೆ ಹಚ್ಚಿದ ಒಂದು ಸಂಶೋಧನೆ 2008ರಲ್ಲಿ ಪ್ರಕಟವಾಯಿತು. 10 ಕಿಲೋಗ್ರಾಮಿಗಿಂತ ಕಡಮೆ ತೂಕದ ಕೂಸುಗಳಲ್ಲಿ ಪಟ್ಟಿಯ ಊಹೆ ಬಹುಮಟ್ಟಿಗೆ ಸರಿಹೊಂದಿತು. ಅದಕ್ಕೆ ಮೇಲ್ಪಟ್ಟವರಲ್ಲಿ ಸರಾಸರಿ ನೂರಕ್ಕೆ 10ಕ್ಕೂ ಮೀರಿ ಹೆಚ್ಚು ತೂಕವನ್ನು ಹೇಳಿತು. ಪಟ್ಟಿ ಹೇಳಿದುದರಲ್ಲಿ ನೂರಕ್ಕೆ 10ನ್ನು ಕಳೆಯಬೇಕೆಂಬ ಸಲಹೆ ಆಗಲೇ ಬಂದಿತು.

ಇಲ್ಲಿ ವಿವೇಚಿಸಬೇಕಾದ ಸೂಕ್ಷ್ಮವೊಂದುಂಟು. ನಮ್ಮ ಮಕ್ಕಳು ‘ಚಿಕ್ಕವರು’ ಎಂದು ಒಟ್ಟಿನಲ್ಲಿ ಹೇಳಿಬಿಡುವುದು ವಾಡಿಕೆ. ಗಿಡ್ಡಾಗಿರುವುದು ಒಂದು, ಬಡಕಲಾಗಿರುವುದು ಮತ್ತೊಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸುಮಾರು 20 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಗಿಡ್ಡತನದಿಂದ ಪಟ್ಟಿ ಮೋಸಹೋಗುವುದಿಲ್ಲ, ಏಕೆಂದರೆ ಅದು ವಯಸ್ಸನ್ನು ಕೇಳುವುದೇ ಇಲ್ಲ. ವಯಸ್ಸಿಗೆ ನಾಲ್ಕನ್ನು ಕೂಡಿಸಿ ಇಮ್ಮಡಿಸುವ ಹಳೆಯ ಸೂತ್ರವಾದರೆ ಶ್ರೀನಿವಾಸಪುರದ ಆರು ವರ್ಷದ ಮಗುವಿಗೂ ಬಾಸ್ಟನ್ನಿನ ಆರು ವರ್ಷದ ಮಗುವಿಗೂ ಸಮನಾಗಿ 20 ಕಿಲೋಗ್ರಾಮನ್ನು ವಿಧಿಸುತ್ತದೆ. ಪಟ್ಟಿ ತಪ್ಪುವುದು ಬಡಕಲು ಮಗುವಿನಲ್ಲಿ. ದೋಷದ ಸ್ಥಾನವನ್ನು ಇಷ್ಟು ಗುರುತಿಸದೆ ಪಟ್ಟಿಯನ್ನೇ ಪರದೇಶದ್ದೆಂದು ತಳ್ಳಿಹಾಕುವುದು ವಿಮರ್ಶೆಯೆನಿಸದು.

ಎಲ್ಲರಿಂದಲೂ ಹತ್ತರಲ್ಲೊಂದು ಪಾಲನ್ನು ಕಳೆಯುವ ಉಪಾಯವೂ ಸರಾಸರಿಯ ಉಪಾಯವೇ. ಮಾಲೂರಿನ ಒಂದೇ ಬೀದಿಯಲ್ಲಿ ಮೈತುಂಬಿದ ಮಗುವೂ ಎಲುಬು ಕಾಣುವ ಮಗುವೂ ಇರಬಹುದು. ಮೊದಲನೆಯದಕ್ಕೆ ಈ ಕಳೆತ ಅನ್ಯಾಯ, ಎರಡನೆಯದಕ್ಕೆ ಸಾಲದು. 15 ಕಿಲೋಗ್ರಾಮಿನ ಮಗುವನ್ನು 17 ಎಂದೆಣಿಸಿದರೆ, ಕಿಲೋಗ್ರಾಮಿಗೆ 20 ಮಿಲಿಲೀಟರಿನಂತೆ ಒಮ್ಮೆಗೆ ಕೊಡುವ ದ್ರವ 300ಕ್ಕೆ ಬದಲು 340 ಆಗುತ್ತದೆ. ಗಟ್ಟಿಮುಟ್ಟಾದ ಮಗು ಇದನ್ನು ತಾಳಿಕೊಳ್ಳಬಹುದು. ಬಡಕಲು ಮಗುವಿನ ಹೃದಯಕ್ಕೆ ದ್ರವದ ಅತಿರೇಕವೇ ಅಪಾಯ. ಹೆಚ್ಚು ತೂಕವನ್ನು ಹೇಳಿಸಿಕೊಳ್ಳುವವನೂ, ಅದರ ಫಲವನ್ನು ತಾಳಲಾರದವನೂ ಒಬ್ಬನೇ ಎಂಬುದೇ ಇಲ್ಲಿನ ಕಷ್ಟ.

ಇನ್ನೊಂದು ತೊಡಕು ಪಟ್ಟಿಯ ರಚನೆಯಲ್ಲಿಯೇ ಇದೆ. ತೂಕವನ್ನು ತಗ್ಗಿಸಲೆಂದು ಒಂದು ಬಣ್ಣ ಹಿಂದಕ್ಕೆ ಸರಿದರೆ ಕೊಳವೆಯ ಗಾತ್ರವೂ ಜೊತೆಯಲ್ಲಿ ಕಿರಿದಾಗುತ್ತದೆ. ಮಗು ಬಡಕಲಾದ ಮಾತ್ರಕ್ಕೆ ಅದರ ಶ್ವಾಸನಾಳ ಕಿರಿದಾಗಿರುವುದಿಲ್ಲ. ಅದು ಉದ್ದವನ್ನು ಅನುಸರಿಸುವಂಥದು. ಕೊಳವೆಗೆ ಮೂಲಪಾಠವನ್ನೇ ಉಳಿಸಿಕೊಂಡು ಔಷಧದ ಸಾಲನ್ನು ಮಾತ್ರ ತಿದ್ದಬೇಕು. ಗ್ರಂಥಸಂಪಾದಕರಿಗೆ ಈ ವಿವೇಕ ಹೊಸದಲ್ಲ.

ಹೊಲಮಾಳಗಳ ಈ ಸೀಮೆಯಲ್ಲಿ ಹಾವು ಚೇಳುಗಳ ಭಯವೂ ಉಂಟು. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣ, ಏಕೆಂದರೆ ಹಾವು ಕಡಿಯುವಾಗ ತೂಕ ನೋಡಿ ವಿಷವನ್ನು ಬಿಡುವುದಿಲ್ಲ. ಚೇಳಿನ ವಿಷ ಮೈಗೇರಿದಾಗ ಕೊಡುವ ಪ್ರಾಜೋಸಿನ್ ಎಂಬ ಮದ್ದಾದರೋ ಕಿಲೋಗ್ರಾಮಿಗೆ 30 ಮೈಕ್ರೋಗ್ರಾಮಿನಂತೆ. ಮುಳಬಾಗಿಲಿನ ಹಳ್ಳಿಯೊಂದರಿಂದ ಒಂದೇ ರಾತ್ರಿ ಬಂದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಪಟ್ಟಿ ಬೇಡ, ಮತ್ತೊಬ್ಬನಿಗೆ ಅದು ಅತ್ಯಗತ್ಯ.

ದಕ್ಷಿಣ ಆಫ್ರಿಕಾದವರು ರಚಿಸಿದ ಬೇರೊಂದು ಪಟ್ಟಿ ಉದ್ದದ ಜೊತೆಗೆ ಮೈಕಟ್ಟನ್ನೂ ಕಣ್ಣಳತೆಯಿಂದ ನೋಡಿ ತೂಕವನ್ನು ನಿರ್ಣಯಿಸಲು ಹೇಳುತ್ತದೆ. ಭಾರತದ ಮಕ್ಕಳಿಗೆ ತಕ್ಕಂತೆ ಬ್ರಾಸ್ಲೋ ಪಟ್ಟಿಯನ್ನು ತಿದ್ದುವ ಪ್ರಯತ್ನವೂ 2015ರಲ್ಲಿ ಪ್ರಕಟವಾಗಿದೆ. ಆರು ವರ್ಷದೊಳಗಿನವರ ಮಟ್ಟಿಗೆ ಈ ನಾಲ್ಕು ತಾಲ್ಲೂಕುಗಳ ಪಾಠಪರಿಷ್ಕರಣಕ್ಕೆ ಬೇಕಾದ ಸಾಮಗ್ರಿ ದೂರದಲ್ಲಿಲ್ಲ: ಊರೂರಿನ ಅಂಗನವಾಡಿಗಳಲ್ಲಿ ಮಕ್ಕಳ ಎತ್ತರವನ್ನೂ ತೂಕವನ್ನೂ ಬರೆದಿಡುವ ಪದ್ಧತಿಯುಂಟು. ಅವನ್ನು ಜೋಡಿಸಿ ಓದುವ ಕೆಲಸ ಆಗಬೇಕಾಗಿದೆ.