ಗೆಜೆಟಿಯರಿನ ಹೋರಿಯೂ ತೇವಾರದ ಹೆಣ್ಣುಮಗಳೂ

ಘಟ್ಟದ ಆಚೆ, ಕಂಬಂ ಕಣಿವೆಯ ತೇವಾರಂ ಕಡೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಒಕ್ಕಲಿಗರಿದ್ದಾರೆ. ಕಾಪ್ಪಿಲಿಯರೆಂಬುದು ಅವರಿಗಿರುವ ಇನ್ನೊಂದು ಹೆಸರು. ನಮ್ಮ ಹಾಗೆಯೇ ಬೇರೆ ರಾಜ್ಯದೊಳಗಿನ ಕನ್ನಡಿಗರು. ನನಗೆ ಅವರ ಪರಿಚಯವಾದದ್ದು ಡಬ್ಲ್ಯು. ಫ್ರಾನ್ಸಿಸ್ ಬರೆದು 1906ರಲ್ಲಿ ಪ್ರಕಟವಾದ ಮಧುರೆ ಜಿಲ್ಲೆಯ ಗೆಜೆಟಿಯರಿನಿಂದ. ಇಂದಿನ ತೇನಿ ಜಿಲ್ಲೆ 1996ರವರೆಗೆ ಮಧುರೆಗೇ ಸೇರಿತ್ತು.

ಫ್ರಾನ್ಸಿಸನ ಬರವಣಿಗೆ ರಸವತ್ತಾದುದು. ಕಂಬಂನಲ್ಲಿರುವ ದೇವರ ದನಗಳ ಮಂದೆಗೆ ಹೊಸ ರಾಜಹೋರಿಯನ್ನು ಆರಿಸುವ ಬಗೆಯನ್ನು ಆತ ವಿವರಿಸುತ್ತಾನೆ. ಮಂದೆಯ ಮುಂದೆ ಕಬ್ಬಿನ ಕಟ್ಟುಗಳನ್ನಿಡುತ್ತಾರೆ. ಮೊದಲು ಕಬ್ಬಿಗೆ ಬಾಯಿ ಹಾಕಿದ ಹೋರಿಯೇ ರಾಜ. ಹೋರಿಗಾದರೂ ತಾನಾಗಿ ಮುಂದೆ ಬರುವ ಅವಕಾಶವಿದೆ. ಅದೇ ಬರಹದಲ್ಲಿ ಹೆಣ್ಣು ಬರುವುದು ಸೋದರತ್ತೆಯ ಮಗಳಾಗಿ, ಸೋದರಮಾವನ ಮಗನ ಹಕ್ಕಿಗೆ ಒಳಪಟ್ಟವಳಾಗಿ. ಅವಳ ಅಭಿಪ್ರಾಯವನ್ನು ಕೇಳಬೇಕೆಂದು ಲೇಖಕನಿಗೆ ಅನ್ನಿಸಿಲ್ಲ. ಈ ಬರಹದ ದೊಡ್ಡ ಕೊರತೆ ಇದೇ.

ಕೊರತೆ ಪುಸ್ತಕದ್ದು ಮಾತ್ರವೇ? ತಮಿಳುನಾಡಿನ 1994ರ ಕಾಯಿದೆ ಪಂಚಾಯತುಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನ ಕೊಟ್ಟಿತು. 2016ರಲ್ಲಿ ಅದು ಅರ್ಧವಾಯಿತು. ತೇವಾರಂ ಪಟ್ಟಣ ಪಂಚಾಯತು. ಅಂಥ ಸಂಸ್ಥೆಗಳಿಗೆ 2022ರ ಫೆಬ್ರವರಿಯಲ್ಲಿ ಚುನಾವಣೆ ನಡೆದದ್ದು ಈ ಅರ್ಧ ಪಾಲಿನ ಮೇಲೆಯೇ. ಹಾಗಿದ್ದರೆ ಯುವತಿಗೆ ಅಡ್ಡಿ ಎಲ್ಲಿದೆ? ಅಭ್ಯರ್ಥಿಯಾಗಲು 21 ವರ್ಷ ತುಂಬಿರಬೇಕು. ಮನೆಯಲ್ಲಿ ಮದುವೆಯ ಮಾತು ಏಳುವುದೂ ಆ ವಯಸ್ಸಿಗೇ. ಗಂಡನ ಊರಿಗೆ ಹೋದೊಡನೆ ಅವಳ ಹೆಸರು ಅಲ್ಲಿಯ ಮತದಾರರ ಪಟ್ಟಿಗೆ ಸೇರುತ್ತದೆ. ಹುಟ್ಟಿದೂರಿನಲ್ಲಿ ಗಳಿಸಿದ ಪರಿಚಯವೆಲ್ಲ ಹಿಂದೆ ಉಳಿಯುತ್ತದೆ. ಹೊಸ ಊರಿನಲ್ಲಿ ಅವಳು ಇಂಥವರ ಸೊಸೆ ಮಾತ್ರ. ಸ್ಥಾನ ಸಿಕ್ಕಿದರೂ ಕುರ್ಚಿಯ ಹಿಂದೆ ಗಂಡನೋ ಮಾವನೋ ನಿಲ್ಲುವುದು ಇಡೀ ದೇಶ ಕಂಡ ಸಂಗತಿ.

ಭಾಷೆಯೇ ತೊಡಕೆಂದು ನಾವು ಬೇಗ ಹೇಳಿಬಿಡುತ್ತೇವೆ. ಆದರೆ ಆ ಹುಡುಗಿ ಶಾಲೆ ಕಲಿಯುವುದೇ ತಮಿಳಿನಲ್ಲಿ. ಅರ್ಜಿ ಬರೆಯಲು, ಸಭೆಯಲ್ಲಿ ಮಾತಾಡಲು ಅವಳಿಗೆ ಬರುತ್ತದೆ. ಅಲ್ಪಸಂಖ್ಯಾತರು ಒಂದೇ ದನಿಯಲ್ಲಿ ಮಾತಾಡಬೇಕೆನ್ನುವಾಗ ಆ ಒಂದು ದನಿ ಯಾರದು ಎಂಬುದೇ ನಿಜವಾದ ಪ್ರಶ್ನೆ.

ಇದನ್ನು ತೇವಾರದವರಿಗೆ ಉಪದೇಶವಾಗಿ ಬರೆಯುತ್ತಿಲ್ಲ. ಕಾಸರಗೋಡಿನ ಕಡೆಯ ಕನ್ನಡ ಸಭೆಯೊಂದರಲ್ಲಿ ಸ್ವಾಗತ ಭಾಷಣ ಮಾಡಿದವನು ನಾನೇ. ವೇದಿಕೆಯಲ್ಲಿದ್ದ ಒಂಬತ್ತು ಮಂದಿಯೂ ಗಂಡಸರು. ಪ್ರಾರ್ಥನೆ ಹಾಡಿದ ಹುಡುಗಿ ಹಾಡು ಮುಗಿದೊಡನೆ ಕೆಳಗಿಳಿದು ಹೋದಳು. ಅವಳಿಗೊಂದು ಕುರ್ಚಿ ಹಾಕಿಸಬೇಕೆಂದು ಅಂದು ನನಗೂ ತೋಚಲಿಲ್ಲ. ಫ್ರಾನ್ಸಿಸನ ತಪ್ಪನ್ನು ಎತ್ತಿ ತೋರಿಸುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.