ಕೀರ್ತಿಮಂದಿರಕ್ಕೆ ಮತ ಹಾಕುವವರು

ದೊಡ್ಡ ಪ್ರಶಸ್ತಿಯೊಂದು ಪ್ರಕಟವಾದ ಮರುದಿನ ನಮ್ಮ ನಾಡಿನಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಏಳುತ್ತವೆ: ‘ಅವರಿಗೇಕೆ ಬಂತು?’ ‘ಇವರಿಗೇಕೆ ಬರಲಿಲ್ಲ?’ ಬಾಗಲಕೋಟೆಯ ಚಹದಂಗಡಿಯಿಂದ ಹಿಡಿದು ಕಾಲೇಜಿನ ಅಧ್ಯಾಪಕರ ಕೊಠಡಿಯವರೆಗೆ ಈ ವಾದ ನಡೆಯುತ್ತದೆ. ಅಭಿಮಾನಿಗಳು ತಮ್ಮ ಸಾಹಿತಿಯ ಕೃತಿಗಳನ್ನು ಬೆರಳು ಮಡಿಸಿ ಎಣಿಸುತ್ತಾರೆ. ಎದುರಾಳಿಯ ಸಾಹಿತಿಯ ಕೃತಿಗಳನ್ನು ಓದದೆಯೇ ತಳ್ಳಿಹಾಕುತ್ತಾರೆ. ಇದರಿಂದ ನಾವು ಬೇಸರಪಡಬೇಕಾಗಿಲ್ಲ. ಸಾಹಿತ್ಯದ ಸಲುವಾಗಿ ಜನ ಜಗಳಾಡುವದು ಸಾಹಿತ್ಯ ಇನ್ನೂ ಬದುಕಿದೆ ಎಂಬುದರ ಗುರುತು. ಆದರೆ ಮೂರನೆಯದೊಂದು ಪ್ರಶ್ನೆ ಇದೆ. ಅದನ್ನು ಕೇಳುವವರು ವಿರಳ. ಆರಿಸಿದವರು ಯಾರು? ಯಾವ ಅಳತೆಗೋಲು ಹಿಡಿದು ಆರಿಸಿದರು? ಮೊದಲಿನ ಎರಡು ಪ್ರಶ್ನೆಗಳ ಉತ್ತರ ಈ ಮೂರನೆಯದರಲ್ಲಿಯೇ ಅಡಗಿದೆ ಎಂದು ನನ್ನ ಅಭಿಪ್ರಾಯ.

2025ರ ಸೆಪ್ಟೆಂಬರಿನಲ್ಲಿ ಎಸ್. ಎಲ್. ಭೈರಪ್ಪನವರು ತೀರಿಕೊಂಡಾಗ ಈ ವಾದ ಮತ್ತೊಮ್ಮೆ ಕಾವೇರಿತು. ‘ವಂಶವೃಕ್ಷ’, ‘ಪರ್ವ’ಗಳನ್ನು ಬರೆದವರಿಗೆ, ‘ಮಂದ್ರ’ಕ್ಕಾಗಿ ಸರಸ್ವತಿ ಸಮ್ಮಾನ ಪಡೆದವರಿಗೆ, ಜ್ಞಾನಪೀಠ ಏಕೆ ಬರಲಿಲ್ಲ ಎಂದು ಅವರ ಓದುಗರು ಕೇಳಿದರು. ಜನಪ್ರಿಯತೆಯೇ ಯೋಗ್ಯತೆಯಲ್ಲವೆಂದು ಬೇರೆಯವರು ಉತ್ತರಕೊಟ್ಟರು. ಕುವೆಂಪು (1967), ಬೇಂದ್ರೆ (1973), ಕಾರಂತ (1977), ಮಾಸ್ತಿ (1983), ಗೋಕಾಕ (1990), ಅನಂತಮೂರ್ತಿ (1994), ಕಾರ್ನಾಡ (1998), ಕಂಬಾರ (2010) ಎಂಬ ಎಂಟು ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯ ಸಲುವಾಗಿ ಬಾಯಿಪಾಠ ಮಾಡುತ್ತಾರೆ. ಒಂಬತ್ತನೆಯ ಹೆಸರು ಯಾವುದಾಗಬೇಕಿತ್ತು ಎಂದು ಅವರಲ್ಲಿ ಅನೇಕರಿಗೆ ದೃಢವಾದ ಅಭಿಪ್ರಾಯವೂ ಇದೆ. ಆದರೆ ಈ ಎಂಟು ಹೆಸರುಗಳನ್ನು ಆರಿಸಿದವರಲ್ಲಿ ಒಬ್ಬರ ಹೆಸರನ್ನಾದರೂ ಹೇಳಿರೆಂದರೆ ತರಗತಿಗೆ ತರಗತಿಯೇ ಮೌನವಾಗುತ್ತದೆ.

ಆ ಪ್ರಶಸ್ತಿಗೆ ಕ್ರಮವಿಲ್ಲವೆಂದಲ್ಲ. ವಿಶ್ವವಿದ್ಯಾಲಯಗಳು, ವಿಮರ್ಶಕರು, ಸಂಘಸಂಸ್ಥೆಗಳು ಹೆಸರು ಸೂಚಿಸಬಹುದು. ಪ್ರತಿ ಭಾಷೆಗೂ ಮೂವರು ವಿದ್ವಾಂಸರ ಸಲಹಾ ಸಮಿತಿ ಇದೆ. ಅವರ ಶಿಫಾರಸನ್ನು ಏಳರಿಂದ ಹನ್ನೊಂದು ಜನರ ಆಯ್ಕೆ ಮಂಡಲಿ ತೂಗಿ ನೋಡುತ್ತದೆ. ಒಮ್ಮೆ ಪ್ರಶಸ್ತಿ ಪಡೆದ ಭಾಷೆಯನ್ನು ಮುಂದಿನ ಎರಡು ವರ್ಷ ಪರಿಗಣಿಸುವದಿಲ್ಲ. ಕ್ರಮ ಒಳ್ಳೆಯದೇ. ಆದರೆ ಗೆದ್ದ ಹೆಸರಿನ ಎದುರು ಯಾವ ಹೆಸರುಗಳು ನಿಂತಿದ್ದವು, ಅವು ಯಾವ ಕಾರಣಕ್ಕಾಗಿ ಹಿಂದೆ ಬಿದ್ದವು ಎಂಬುದು ವಾಚಕನ ಕೈಗೆ ಸಿಗುವದಿಲ್ಲ. ಕಾರಣ ತಿಳಿಯದ ಕಡೆ ಜನ ಕಾರಣ ಕಟ್ಟಿಕೊಳ್ಳುತ್ತಾರೆ: ಜಾತಿ, ಪಂಥ, ಊರು, ಗೆಳೆತನ. ‘ಬಡಿಸುವವನು ನಮ್ಮವನಾದರೆ ಯಾವ ಪಂಕ್ತಿಯಲ್ಲಿ ಕುಳಿತರೇನು’ ಎಂಬ ಗಾದೆ ಆಗ ಎಲ್ಲರ ಬಾಯಲ್ಲಿ ಬರುತ್ತದೆ. ಅದು ಸುಳ್ಳೇ ಇದ್ದರೂ ಸುಳ್ಳೆಂದು ತೋರಿಸಲು ಪಾಪ, ಬಡಿಸಿದವನ ಬಳಿ ಏನೂ ಇರುವದಿಲ್ಲ.

ಹಿಂದಿನವರು ಈ ಕೆಲಸವನ್ನು ಹೇಗೆ ಮಾಡಿದರು? ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುತಿ ಜಿನಾಲಯದ ಗೋಡೆಯ ಮೇಲೆ, ಶಕ 556ರಲ್ಲಿ, ಎಂದರೆ ಕ್ರಿ. ಶ. 634ರಲ್ಲಿ, ರವಿಕೀರ್ತಿ ತನ್ನ ಸಂಸ್ಕೃತ ಪ್ರಶಸ್ತಿಯನ್ನು ಕೊರೆಯಿಸಿದ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನೆಲ್ಲ ವರ್ಣಿಸಿದ ಮೇಲೆ, ಕವಿತೆಯಲ್ಲಿ ತಾನು ಕಾಳಿದಾಸ ಭಾರವಿಯರ ಕೀರ್ತಿಗೆ ಸಮನಾದೆನೆಂದು ಸಂಕೋಚವಿಲ್ಲದೆ ಬರೆದುಕೊಂಡ. ತನ್ನ ಮತವನ್ನು ತಾನೇ ಹಾಕಿಕೊಂಡ ಧೀರ! ನಗು ಬರುತ್ತದೆ. ಆದರೂ ಗಮನಿಸಬೇಕಾದ ಮಾತೊಂದಿದೆ. ಮತ ಹಾಕಿದವನ ಹೆಸರು ಅಲ್ಲಿದೆ, ತೇದಿ ಇದೆ, ಹೋಲಿಕೆಯ ಅಳತೆಗೋಲು ಇದೆ, ಪರೀಕ್ಷಿಸಲು ಕವಿತೆಯೂ ಎದುರಿಗೇ ಇದೆ. ಒಪ್ಪದವನು ಅಲ್ಲಿಯೇ ನಿಂತು ಓದಿ ವಾದಿಸಬಹುದು. ಕಾಳಿದಾಸನ ಕಾಲವನ್ನು ನಿರ್ಣಯಿಸುವ ಪಂಡಿತರಿಗೆ ಆ ಸಾಲು ಒಂದು ಗಟ್ಟಿಯಾದ ಗಡಿಕಲ್ಲಾಯಿತು. ತನಗೆ ಹಾಕಿಕೊಂಡ ಮತದಿಂದ ಹೆಚ್ಚು ಲಾಭವಾದದ್ದು ಕಾಳಿದಾಸನಿಗೆ!

ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನದ ರೀತಿ ಬೇರೆ. ಅಲ್ಲಿ ಹೊಗಳಿಸಿಕೊಂಡವನ ಹೆಸರಿದೆ, ಹೊಗಳಿದವನದಿಲ್ಲ. ಆದರೆ ಹೊಗಳಿಕೆಗೆ ಕಾರಣವಿದೆ: ಒಳ್ಳೆಯವರಿಗೆ ಅವನು ಎಂಥವನು, ಕೇಡು ಬಗೆದವರಿಗೆ ಎಂಥವನು ಎಂಬುದನ್ನು ತ್ರಿಪದಿಯ ಬಿಗಿಯಲ್ಲಿ ಹೇಳಲಾಗಿದೆ. ಅರಭಟ್ಟ ಯಾರೆಂದು ಚರಿತ್ರೆ ಮರೆತರೂ ಕಾರಣ ಹೇಳಿದ ಪದ್ಯವನ್ನು ಕನ್ನಡ ಮರೆಯಲಿಲ್ಲ.

ಇನ್ನು ಮುಧೋಳದ ರನ್ನ. ಪಂಪ, ಪೊನ್ನ, ರನ್ನರನ್ನು ‘ರತ್ನತ್ರಯ’ರೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ, ಯಾವುದೋ ವಿದ್ವತ್ಸಭೆ ಕೊಟ್ಟ ತೀರ್ಪೆಂಬಂತೆ ಹುಡುಗರು ಬರೆದುಕೊಳ್ಳುತ್ತಾರೆ. ಆ ಪಟ್ಟಿಯನ್ನು ಮಾಡಿದವನು ರನ್ನನೇ. ‘ಅಜಿತಪುರಾಣ’ದಲ್ಲಿ ಜಿನಸಮಯವನ್ನು ಬೆಳಗಿದ ಕವಿಗಳು ಈ ಮೂವರೆಂದು ಹೇಳಿ, ಬೇರೆಯವರು ಯಾರಿದ್ದಾರೆಂದು ಕೇಳಿ, ಬಾಗಿಲು ಮುಚ್ಚಿಬಿಟ್ಟ. ಸಾವಿರ ವರ್ಷಗಳ ಮೇಲೆಯೂ ಆ ಪಟ್ಟಿ ಬದಲಾಗಿಲ್ಲ. ರನ್ನ ಅದಕ್ಕೆ ಯೋಗ್ಯನಾಗಿದ್ದನೆಂಬುದು ನಿರ್ವಿವಾದ. ಆದರೆ ಪಟ್ಟಿ ಒಮ್ಮೆ ನಿಂತಿತೆಂದರೆ ಮಾಡಿದವನು ಮರೆಯಾಗಿ, ಅದು ಪ್ರಕೃತಿಯ ನಿಯಮದಂತೆ ತೋರತೊಡಗುತ್ತದೆ ಎಂಬುದನ್ನು ಇದರಿಂದ ಕಲಿಯಬೇಕು.

ಇಂಥ ಪಟ್ಟಿಯ ಗೊಡವೆಯನ್ನು ಅಮೇರಿಕದವರು ತಮ್ಮ ಬೇಸ್‌ಬಾಲ್ ಆಟದಲ್ಲಿ ಬಹಳ ಹಚ್ಚಿಕೊಂಡಿದ್ದಾರೆ. ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಅದಕ್ಕೊಂದು ಕೀರ್ತಿಮಂದಿರವಿದೆ. ಕನಿಷ್ಠ ಹತ್ತು ವರ್ಷ ಆ ಆಟದ ವರದಿ ಮಾಡಿದ ಪತ್ರಕರ್ತರು ಅದಕ್ಕೆ ಮತದಾರರು. ನೂರಕ್ಕೆ 75 ಮತ ಬಂದವನಿಗೆ ಮಾತ್ರ ಒಳಗೆ ಸ್ಥಾನ. 1936ರ ಮೊದಲ ಚುನಾವಣೆಯಲ್ಲಿ ಬೇಬ್ ರೂತ್‌ನಂಥ ಆಟಗಾರನಿಗೆ 226 ಮತಗಳಲ್ಲಿ ಬಂದದ್ದು 215. 2025ರಲ್ಲಿ ಜಪಾನಿನ ಇಚಿರೊ ಸುಜುಕಿಗೆ 394ರಲ್ಲಿ 393 ಬಂದವು. ಬಿಟ್ಟ ಆ ಒಬ್ಬ ಯಾರೆಂದು ಅಭಿಮಾನಿಗಳು ವಾರಗಟ್ಟಲೆ ಹುಡುಕಾಡಿದರು. ಇಚಿರೊ ಮಾತ್ರ, ಆತನನ್ನು ಮನೆಗೆ ಕರೆದು ಕೂಡಿ ಕುಡಿಯಬೇಕೆಂದಿದ್ದೇನೆ ಎಂದು ನಕ್ಕುಬಿಟ್ಟ. ಅಲ್ಲಿಯ ಅನೇಕ ಮತದಾರರು ತಮ್ಮ ಮತಪತ್ರವನ್ನು ತಾವೇ ಪ್ರಕಟಿಸಿ, ಕಾರಣ ಬರೆದು, ಓದುಗರ ಬೈಗಳನ್ನೂ ಕೇಳುತ್ತಾರೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದು. ಕಪ್ಪು ಜನರನ್ನು ದೊಡ್ಡ ಪಂದ್ಯಗಳಿಂದ ಹೊರಗಿಟ್ಟ ಕಾಲವೊಂದಿತ್ತು; ಆಗಿನ ಆಟಗಾರರ ಹೆಸರು ಮತಪತ್ರದ ಮೇಲೆ ಬರುವಂತೆಯೇ ಇರಲಿಲ್ಲ. ಮತದಾರರು ನೋಡದ ಅಂಗಳಗಳಲ್ಲಿ ಅವರು ಆಡಿದ್ದರು. ಆ ಕೊರತೆ ತುಂಬಲು ಬೇರೆ ಸಮಿತಿ ಮಾಡಿದರು. 1971ರಲ್ಲಿ ಸ್ಯಾಚಲ್ ಪೇಜ್ ಒಳಗೆ ಬಂದ. 2006ರಲ್ಲಿ ಒಮ್ಮೆಗೇ ಹದಿನೇಳು ಜನರಿಗೆ ಸ್ಥಾನ ದೊರೆಯಿತು.

‘ಮತದಾರರು ನೋಡದ ಅಂಗಳ’ ಎಂಬ ಮಾತು ನನ್ನನ್ನು ನಮ್ಮ ಸೀಮೆಗೆ ಮರಳಿ ಕರೆತರುತ್ತದೆ. ಇಳಕಲ್ಲಿನಿಂದ ದೂರವಿಲ್ಲದ ಕಂದಗಲ್ಲ ಎಂಬ ಊರಿನ ಹನುಮಂತರಾಯರು 1896ರಲ್ಲಿ ಹುಟ್ಟಿ 1966ರಲ್ಲಿ ತೀರಿಕೊಂಡರು. ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಅಕ್ಷಯಾಂಬರ’, ‘ಚಿತ್ರಾಂಗದಾ’ ನಾಟಕಗಳನ್ನು ಬರೆದರು. ಜನ ಅವರನ್ನು ಕನ್ನಡದ ಷೇಕ್ಸ್‌ಪಿಯರ್ ಎಂದು ಕರೆದರು. ವಿಜಯಪುರದ ರಂಗಮಂದಿರಕ್ಕೆ ಅವರ ಹೆಸರಿದೆ. ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಜಾತ್ರೆಗೆ ನಾಟಕವಾಡಬೇಕೆಂದರೆ ಇಂದಿಗೂ ‘ರಕ್ತರಾತ್ರಿ’ಯ ಹೆಸರು ಬರುತ್ತದೆ. ರೈತರು, ನೇಕಾರರು, ಸಾಲಿಯ ಮಾಸ್ತರರು ತಿಂಗಳುಗಟ್ಟಲೆ ತಾಲೀಮು ಮಾಡಿ ಬೆಳಗಾಗುವವರೆಗೆ ಆಡುತ್ತಾರೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪೆನಿಗಳು ವಾರಗಟ್ಟಲೆ ಬೀಡುಬಿಟ್ಟಾಗ ಚಳಿಯಲ್ಲಿ ಕಂಬಳಿ ಹೊದ್ದು ಕೂತ ಪ್ರೇಕ್ಷಕರನ್ನು ಕಂಡವರಿಗೆ, ಇಲ್ಲಿಯೂ ಒಂದು ಮತದಾನ ನಡೆದಿದೆ ಎಂಬುದು ಹೊಳೆಯದಿರದು. ಆದರೆ ನಾನು ಓದಿದ, ಕಲಿಸಿದ ಪಠ್ಯಗಳಲ್ಲಿ ಹನುಮಂತರಾಯರಿಗೆ ದೊರೆತದ್ದು ಹೆಚ್ಚೆಂದರೆ ಒಂದೆರಡು ಸಾಲು. ಅದೂ ಕಂಪೆನಿ ನಾಟಕಗಳ ಪ್ರಸ್ತಾಪದಲ್ಲಿ.

ನಾಟಕಕಾರರಿಗೆ ಮಂದಿರದಲ್ಲಿ ಸ್ಥಾನವಿಲ್ಲವೆನ್ನುವಂತಿಲ್ಲ. ಕಾರ್ನಾಡ, ಕಂಬಾರರು ಅಲ್ಲಿದ್ದಾರೆ. ಮಹಾಭಾರತದ ಹಳೆಯ ವಸ್ತುವೆಂದು ಬಿಡುವಂತೆಯೂ ಇಲ್ಲ. ರನ್ನನ ‘ಗದಾಯುದ್ಧ’ದ ನಾಟಕೀಯತೆಯನ್ನು ನಮ್ಮ ವಿಮರ್ಶಕರು ಮೆಚ್ಚಿ ಮೆಚ್ಚಿ ಹೇಳಿದ್ದಾರೆ, ಬಿ. ಎಂ. ಶ್ರೀಕಂಠಯ್ಯನವರು ಅದನ್ನು ನಾಟಕವಾಗಿಯೇ ಅಳವಡಿಸಿದರು. ಆ ಕುರುಕ್ಷೇತ್ರದ ಕೊನೆಯ ಘೋರವನ್ನು, ಮಲಗಿದ ಮಕ್ಕಳನ್ನು ಅಶ್ವತ್ಥಾಮ ಕೊಂದ ರಾತ್ರಿಯನ್ನು, ರನ್ನನ ಸೀಮೆಯವನೇ ಆದ ಇನ್ನೊಬ್ಬನು ರಂಗದ ಮೇಲೆ ತಂದ. ಕಾವ್ಯದಲ್ಲಿ ನಾಟಕವನ್ನು ಹುಡುಕುವ ಕಣ್ಣಿಗೆ ನಾಟಕವೇ ಕಾಣದಿರುವದು ಎಂಥ ವಿಚಿತ್ರ!

ಹನುಮಂತರಾಯರಲ್ಲಿ ದೋಷಗಳಿಲ್ಲವೆಂದು ನಾನು ಹೇಳುವದಿಲ್ಲ. ಪ್ರಾಸದ ಮೋಹ ಅವರಿಗೆ ಅತಿಯಾಗಿತ್ತು. ರಾಜನೂ ಸೇವಕನೂ ಕೆಲವೆಡೆ ಒಂದೇ ಗತ್ತಿನಲ್ಲಿ ಮಾತನಾಡುತ್ತಾರೆ. ಮಾತು ನಿಲ್ಲಬೇಕಾದಲ್ಲಿ ನಿಲ್ಲುವದಿಲ್ಲ. ಓದಿ ನೋಡಿದರೆ ಪುಟ ಭಾರವಾಗುತ್ತದೆ. ಆದರೆ ಗಟ್ಟಿಯಾಗಿ ಉಚ್ಚರಿಸಿ ನೋಡಿರಿ: ಅದೇ ಪ್ರಾಸ ನಟನಿಗೆ ಉಸಿರು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಲಿಸುತ್ತದೆ. ಅಕ್ಷರ ಕಡಿಮೆ ಬಲ್ಲವನೂ ಆ ದೀರ್ಘ ಸಂಭಾಷಣೆಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವದಕ್ಕೆ ಕಾರಣ ಅದೇ. ಪುಟದ ಮೇಲೆ ದೋಷವಾದದ್ದು ರಂಗದ ಮೇಲೆ ಗುಣವಾಗುವದಿದ್ದರೆ, ಅಳೆಯುವವನು ಎರಡೂ ಕಡೆ ಕೂತು ಅಳೆಯಬೇಕಲ್ಲವೆ? ಅಳೆದ ಮೇಲೆ ‘ಸಾಲದು’ ಎಂದು ತೀರ್ಪು ಕೊಡಲಿ, ಅಡ್ಡಿಯಿಲ್ಲ. ಅಳೆಯದೆ ಬಿಟ್ಟದ್ದಕ್ಕೆ ತೀರ್ಪೆಂಬ ಹೆಸರು ಸಲ್ಲದು.

ಇದು ಒಬ್ಬ ನಾಟಕಕಾರನ ಮಾತಷ್ಟೇ ಅಲ್ಲ. 2000ದಲ್ಲಿ ಬಾಗಲಕೋಟೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಶಾಂತಾದೇವಿ ಮಾಳವಾಡರು ಅಧ್ಯಕ್ಷರಾಗಿದ್ದರು. 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆಯವರ ತರುವಾಯ ಆ ಪೀಠವೇರಿದ ಎರಡನೆಯ ಮಹಿಳೆ ಅವರು. 1915ರಿಂದ 2024ರ ಮಂಡ್ಯ ಸಮ್ಮೇಳನದವರೆಗೆ ಒಟ್ಟು 87 ಸಮ್ಮೇಳನಗಳಾದವು. ಮಹಿಳೆಯರು ಅಧ್ಯಕ್ಷರಾದದ್ದು ನಾಲ್ಕರಲ್ಲಿ. ಎಂಟು ಜ್ಞಾನಪೀಠಗಳಲ್ಲಿ ಒಂದೂ ಮಹಿಳೆಗೆ ಬಂದಿಲ್ಲ. 2025ರಲ್ಲಿ ಬಾನು ಮುಷ್ತಾಕರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಿತು. ಕನ್ನಡ ಬಾರದ ತೀರ್ಪುಗಾರರು ಕಂಡದ್ದು ನಮಗೇಕೆ ತಡವಾಗಿ ಕಂಡಿತೆಂದು ಕೇಳಿಕೊಳ್ಳುವದು ಅಗತ್ಯ. ಆ ಪ್ರಶಸ್ತಿಯಲ್ಲಿ ತೀರ್ಪುಗಾರರ ಹೆಸರು ಮೊದಲೇ ಪ್ರಕಟವಾಗುತ್ತದೆ. ಮೊದಲು ಹದಿಮೂರು, ಆಮೇಲೆ ಆರು ಪುಸ್ತಕಗಳ ಪಟ್ಟಿ ಹೊರಬೀಳುತ್ತದೆ. ವಾಚಕರು ಆ ಪುಸ್ತಕಗಳನ್ನು ಓದಿ ವಾದಿಸಲು ಕಾಲ ಸಿಗುತ್ತದೆ. ಗೆದ್ದ ಮೇಲೆ ನಡೆಯುವ ವಾದಕ್ಕಿಂತ ಗೆಲ್ಲುವ ಮೊದಲು ನಡೆಯುವ ವಾದದಿಂದ ಸಾಹಿತ್ಯಕ್ಕೆ ಹೆಚ್ಚು ಉಪಕಾರ.

ಹಾಗಾದರೆ ಎಲ್ಲವನ್ನೂ ಅಭಿಮಾನಿಗಳ ಎಣಿಕೆಗೆ ಬಿಡೋಣವೆ? ಅದೂ ಸಲ್ಲದು. ಕೈ ಎತ್ತಿಸಿ ಎಣಿಸಿದರೆ ಗಟ್ಟಿ ಗಂಟಲಿನವರು ಗೆದ್ದಾರು. ಕಡಿಮೆ ಜನ ಓದುವ ಒಳ್ಳೆಯ ಕವಿ ಎಂದೂ ಒಳಗೆ ಬಾರನು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿ ಸಡಿಲಾದರೆ ಸೆರಗು ಎಷ್ಟು ಚೆಂದವಿದ್ದರೂ ಸೀರೆ ಉಡಲು ಬಾರದು. ಓದುಗರ ಒಲವಿಗೂ ಪಂಡಿತರ ತೀರ್ಪಿಗೂ ನಡುವೆ ಅಂಥ ಕೊಂಡಿ ಬೇಕು. ಬರೆದು ಹೇಳಿದ ಕಾರಣವೇ ಆ ಕೊಂಡಿ. ತೀರ್ಪುಗಾರರು ಹೆಸರು ಹಾಕಿ ಕಾರಣ ಬರೆಯಲಿ. ಒಪ್ಪದ ಸದಸ್ಯನಿದ್ದರೆ ಅವನ ಅಭಿಪ್ರಾಯವೂ ಅಚ್ಚಾಗಲಿ. ಬಿಟ್ಟುಹೋದವರನ್ನು ಮತ್ತೆ ನೋಡಲು ಅಕಾಡೆಮಿಗಳು ಒಂದು ಬೇರೆ ಸಮಿತಿ ಇಡಲಿ. ಅಭಿಮಾನಿಗಳೂ ಎದುರು ಪಕ್ಷದ ಒಂದು ಪುಸ್ತಕವನ್ನಾದರೂ ಪೂರ್ತಿ ಓದಿ ಬಾಯಿ ತೆರೆಯಲಿ.

ದಿಲ್ಲಿಯ ಮಂಡಲಿ ನಮ್ಮ ಮಾತು ಕೇಳುವವರೆಗೆ ಕಾಯಬೇಕಾಗಿಲ್ಲ. ಪಠ್ಯಕ್ಕೆ ಯಾವ ಭಾಗ ಬರಬೇಕೆಂದು ಆರಿಸುವ ಅಧ್ಯಾಪಕರೂ ಮತದಾರರೇ. ಯಾವ ಪ್ರಶಸ್ತಿಗಿಂತಲೂ ಹೆಚ್ಚು ಜನರ ನೆನಪನ್ನು ನಮ್ಮ ಮತ ನಿರ್ಣಯಿಸುತ್ತದೆ. ನಮ್ಮ ಕಾಲೇಜುಗಳಲ್ಲಿ ‘ಗದಾಯುದ್ಧ’ದ ಒಂದು ಭಾಗದ ಪಕ್ಕದಲ್ಲಿ ‘ರಕ್ತರಾತ್ರಿ’ಯ ಒಂದು ದೃಶ್ಯವನ್ನು ಇಡೋಣ. ಹುಡುಗರು ಒಂದನ್ನು ಓದಲಿ, ಇನ್ನೊಂದನ್ನು ಎದ್ದು ನಿಂತು ಆಡಲಿ. ಆಮೇಲೆ ಯಾವುದು ಏಕೆ ಮೇಲೆಂದು, ಅಥವಾ ಎರಡೂ ಏಕೆ ಬೇಕೆಂದು, ಪ್ರತಿಯೊಬ್ಬನೂ ತನ್ನ ಹೆಸರು ಹಾಕಿ ಒಂದು ಪುಟ ಬರೆಯಲಿ. ಹನುಮಂತರಾಯರು ಆ ಪರೀಕ್ಷೆಯಲ್ಲಿ ಸೋತರೂ ಸೋಲಲಿ. ಪರೀಕ್ಷೆಗೆ ಕೂಡಿಸಿದ ಮೇಲೆ ಬಂದ ಸೋಲು ಅದಾದೀತು. ಇಷ್ಟು ದಿನ ನಾವು ಅವರನ್ನು ಪರೀಕ್ಷೆಗೇ ಕೂಡಿಸಿಲ್ಲ.