ಮನೆಯ ಕಣ್ಣು: ‘ನಾನು ಅವನಲ್ಲ ಅವಳು’ ಚಿತ್ರವನ್ನು ಕುರಿತು

ಹದಿಹರೆಯದ ಸಲಿಂಗಾನುರಾಗಿಗಳನ್ನೂ ಅವರ ಮನೆಯವರನ್ನೂ ವಸ್ತುವಾಗಿ ಉಳ್ಳ ಚಲಚ್ಚಿತ್ರಗಳು ಪಶ್ಚಿಮದಲ್ಲಿ ಈಗ ಒಂದು ಪ್ರಕಾರವೆನ್ನುವಷ್ಟು ಬೆಳೆದಿವೆ. ಮಗನು ತನ್ನ ಗುಟ್ಟನ್ನು ತಂದೆತಾಯಿಗಳ ಮುಂದೆ ಬಾಯಿಬಿಟ್ಟು ಹೇಳುವ ಗಳಿಗೆಯೇ ಅವುಗಳಲ್ಲಿ ಸಾಮಾನ್ಯವಾಗಿ ಕಥೆಯ ತಿರುವು. 2018ರ ‘ಲವ್, ಸೈಮನ್’ ಇದಕ್ಕೆ ಸುಲಭವಾದ ನಿದರ್ಶನ. ಕನ್ನಡದಲ್ಲಿ ಈ ವಸ್ತುವಿಗೆ ಸಮೀಪವಾಗಿ ನಿಲ್ಲುವ ಗಣ್ಯಕೃತಿಯೆಂದರೆ ಬಿ. ಎಸ್. ಲಿಂಗದೇವರು ಅವರು ನಿರ್ದೇಶಿಸಿದ, 2015ರಲ್ಲಿ ತೆರೆಕಂಡ ‘ನಾನು ಅವನಲ್ಲ ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆ ಇದಕ್ಕೆ ಆಧಾರ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಚಿತ್ರದ ಮಾದೇಶ ಸಲಿಂಗಾನುರಾಗಿಯಲ್ಲ. ಗಂಡೆಂದು ಬೆಳೆಸಲ್ಪಟ್ಟು, ತಾನು ಹೆಣ್ಣೆಂದು ಅರಿತುಕೊಂಡ ಜೀವ. ಇವೆರಡನ್ನೂ ಒಂದೆಂದು ಬಗೆಯುವುದು ನಮ್ಮಲ್ಲಿ, ವಿದ್ಯಾವಂತರಲ್ಲಿ ಸಹ, ಬಳಕೆಯಲ್ಲಿರುವ ಪ್ರಮಾದ. ಆದರೂ ಮನೆಯೆಂಬ ನ್ಯಾಯಸ್ಥಾನದ ಮುಂದೆ ಇಬ್ಬರಿಗೂ ಒದಗುವ ಗತಿ ಒಂದೇ ಆದುದರಿಂದ ಈ ಹೋಲಿಕೆ ಅನುಚಿತವಾಗಲಾರದು.

ನಮ್ಮ ಹಳ್ಳಿಯ ಮನೆಗಳಲ್ಲಿ ಇಂಥ ವಿಷಯವನ್ನು ಯಾರೂ ಹೇಳುವುದಿಲ್ಲ; ಕಾಣುತ್ತಾರೆ. ಬೇಲೂರು ಸೀಮೆಯ ಗೆಂಡೆಹಳ್ಳಿಯಂಥ ಊರನ್ನೇ ನೆನೆಯಿರಿ: ಹುಡುಗನ ನಡಿಗೆಯನ್ನು, ಕೈಬೀಸನ್ನು, ತಂದೆಗಿಂತ ಮೊದಲು ಜಗಲಿಯ ಮೇಲೆ ಕುಳಿತವರು ಓದಿರುತ್ತಾರೆ. ತಂದೆಯ ಕೋಪದಲ್ಲಿ ಪಾಲಿಗಿಂತ ಹೆಚ್ಚು ಇರುವುದು ಈ ಊರ ಕಣ್ಣಿನ ಭಯ. ಲಿಂಗದೇವರು ಇದನ್ನು ಬಲ್ಲರು. ಮಾದೇಶನ ಬಾಲ್ಯದ ಭಾಗದಲ್ಲಿ ಹೆಣ್ಣುಡುಗೆಯ ಮೇಲಿನ ಆಸೆ ಯಾವ ನಿವೇದನೆಯನ್ನೂ ಬಯಸುವುದಿಲ್ಲ. ಅಲ್ಲಿ ಮಾತಿನ ಕೆಲಸವನ್ನು ಬಟ್ಟೆಯೇ ಮಾಡುತ್ತದೆ. ಮಾದೇಶ ಎಂಬ ಹೆಸರು ಸಹ ತಮಿಳು ಕಥೆಯನ್ನು ಮಲೆ ಮಹದೇಶ್ವರನ ಒಕ್ಕಲಿನ ನೆಲಕ್ಕೆ ಸಹಜವಾಗಿ ತಂದು ನಿಲ್ಲಿಸಿದೆ.

ಈ ಲೇಖಕನ ಆಕ್ಷೇಪ ಬೇರೆಯದು. ಕಥೆ ಪುಣೆಯನ್ನು ಸೇರಿದ ಮೇಲೆ ಭಿಕ್ಷೆ, ಶಸ್ತ್ರಚಿಕಿತ್ಸೆ, ಹೊಸ ಬಂಧುತ್ವಗಳು ಚಿತ್ರವನ್ನು ತುಂಬುತ್ತವೆ. ಊರಿನ ಮನೆ ಹಿಂದಕ್ಕೆ ಸರಿಯುತ್ತದೆ. ಮಗನನ್ನು ಕಳೆದುಕೊಂಡು ಮಗಳನ್ನು ಇನ್ನೂ ಪಡೆಯದಿರುವ ತಂದೆಯ ಅಂತರಂಗಕ್ಕೆ ಸಾಕಷ್ಟು ಎಡೆ ದೊರೆತಿಲ್ಲ. ಕೆನಡಾದ ಝಾನ್ ಮಾರ್ಕ್ ವಾಲೆ 2005ರ ‘ಕ್ರೇಜಿ’ ಚಿತ್ರದಲ್ಲಿ ಈ ಕೆಲಸವನ್ನು ಮಾಡಿದ್ದಾನೆ. ಅಲ್ಲಿ ತಂದೆ ಪ್ರಾಣದಂತೆ ಕಾಪಾಡಿದ ಗಾನಮುದ್ರಿಕೆ ಮಗನ ಕೈಯಲ್ಲಿ ಒಡೆಯುತ್ತದೆ. ಅವರಿಬ್ಬರ ನಡುವಣ ಪ್ರೀತಿಯೂ ಮುನಿಸೂ ಆ ಒಂದು ವಸ್ತುವಿನಲ್ಲಿ ಅಡಗಿವೆ. ನಮ್ಮ ಚಿತ್ರಕ್ಕೆ ಅಂಥದೊಂದು ವಸ್ತು ಬೇಕಾಗಿತ್ತು.

ಕೊರತೆಯನ್ನು ಬಹುಮಟ್ಟಿಗೆ ತುಂಬಿದುದು ಸಂಚಾರಿ ವಿಜಯ್ ಅವರ ಅಭಿನಯ. ಕಡೂರು ತಾಲ್ಲೂಕಿನ ಪಂಚನಹಳ್ಳಿ ಅವರ ಊರು. 62ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಅವರು ಶ್ರೇಷ್ಠ ನಟರೆನಿಸಿದರು. 2021ರ ಜೂನ್‌ನಲ್ಲಿ ಅಪಘಾತದಿಂದ ಅಕಾಲ ಮರಣಕ್ಕೆ ತುತ್ತಾದರು. ಹೆಣ್ತನವನ್ನು ಅನುಕರಣೆಯ ನಗೆಪಾಟಲಾಗಿಸುವುದು ನಮ್ಮ ಬೆಳ್ಳಿತೆರೆಯ ಹಳೆಯ ಚಾಳಿ. ವಿಜಯ್ ಅವರು ಸೀರೆಯುಟ್ಟಾಗ ಪ್ರೇಕ್ಷಕ ನಗುವುದಿಲ್ಲ. ತನ್ನ ಮನೆಯಲ್ಲಿ ಯಾರನ್ನೋ ನೆನೆಯುತ್ತಾನೆ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಸಣ್ಣಕಥೆಯಲ್ಲಿ ಸಲಿಂಗಾನುರಾಗಿಗೆ ದೊರಕಿಸಿದ ಗೌರವವನ್ನು ಹೀಗೆ ಒಬ್ಬ ನಟ, ಬೇರೊಂದು ಬಗೆಯ ಪಾತ್ರಕ್ಕೆ, ತೆರೆಯ ಮೇಲೆ ದೊರಕಿಸಿದರು.